ಜೋಯಿಡಾದ ಗೆಡ್ಡೆಗೆ ಔಷಧ ಬಿದ್ದಿಲ್ಲ, ಹಾಗಂತ ‘ಸಾವಯವ’ ಎಂದು ಬೋರ್ಡ್ ಹಾಕಬಹುದೇ?

ಜೋಯಿಡಾ: “ಇದು ಆರ್ಗ್ಯಾನಿಕ್ ಹೌದೇನ್ರಿ?”
“ಹೌದ್ರಿ, ಜೋಯಿಡಾ ಕಡೆಯದು. ಔಷಧ ಹೊಡೆದಿಲ್ಲ, ಸರಕಾರಿ ಗೊಬ್ಬರ ಹಾಕಿಲ್ಲ.”

ದಾಂಡೇಲಿಯ ಅಂಗಡಿಗಳಲ್ಲಿ, ಹೋಮ್‌ಸ್ಟೇ ಅಡುಗೆಮನೆಗಳಲ್ಲಿ, ರಸ್ತೆ ಬದಿ ಗೆಡ್ಡೆ ಇಟ್ಟುಕೊಂಡು ಕುಳಿತವರ ಮುಂದೆ ಈಗ ಈ ಮಾತು ಮಾಮೂಲು. ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅಷ್ಟರಿಂದಲೇ ಆ ಮಾಲು ಕಾನೂನಿನ ಲೆಕ್ಕದಲ್ಲಿ ‘ಸಾವಯವ’ ಆಗೋದಿಲ್ಲ. ಹೊಲದಲ್ಲಿ ಸಾವಯವ, ಅಂಗಡಿ ಕಟ್ಟೆ ಮೇಲೆ ಬಂದ ಕೂಡಲೇ ಮಾಮೂಲಿ ಮಾಲು. ಜೋಯಿಡಾ ರೈತರಿಗೆ ಹೆಚ್ಚಿನ ದರ ಸಿಗದೇ ಹೋಗುತ್ತಿರುವುದು ಈ ನಡುವಿನ ಜಾಗದಲ್ಲಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ತಾಲೂಕುಗಳ ರೈತರಿಗೆ ಮತ್ತು ವ್ಯಾಪಾರಸ್ಥರಿಗೆ ಇದು ತಿಳಿದಿರಬೇಕಾದ ವಿಷಯ.

ತೋಟಕ್ಕೆ ಹೋದರೆ ಕಾಣೋದೇನು?

ಸಾವಯವ ತೋಟ ಅಂದ ತಕ್ಷಣ ಪೇಟೆಯವರ ಕಣ್ಣಿಗೆ ಸಾಲು ಸಾಲು ತರಕಾರಿ ಮಡಿ, ಗೇಟಿನ ಮೇಲೊಂದು ಬೋರ್ಡ್ ಬರುತ್ತದೆ. ಜೋಯಿಡಾದ ಕುಣಬಿ ಮನೆಯ ಹಿತ್ತಲಿಗೆ ಹೋದವರಿಗೆ ಮೊದಲು ‘ಇದರಲ್ಲಿ ತೋಟ ಎಲ್ಲಿದೆ’ ಎಂದೇ ಅನಿಸುತ್ತದೆ. ಮನೆ ಪಕ್ಕದಲ್ಲೇ ಮಣ್ಣು ಏರಿಸಿದ ದಿಬ್ಬ, ಅದರ ಮೇಲೆ ಒಣ ಎಲೆಯ ಹೊದಿಕೆ, ದೊಡ್ಡ ಎಲೆಯ ಮುಡ್ಲಿ. ಮರಕ್ಕೋ ಗೂಟಕ್ಕೋ ಹಬ್ಬಿದ ಕೋನ, ಕಣಗದ ಬಳ್ಳಿ. ಅಂಚಿನಲ್ಲಿ ಕೆಸು, ಸುವರ್ಣಗೆಡ್ಡೆ, ಅರಿಶಿನ, ನಾಲ್ಕು ಬಾಳೆ. ಕೆಳಗೆ ಭತ್ತದ ಗದ್ದೆ, ಆಚೆಗೆ ಕಾಡು.

ಮಳೆ ಶುರುವಾಗುವ ಮುಂಚೆ ಗೆಡ್ಡೆ ನಾಟಿ. ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಕಾಡಿನ ದರಕು, ಇಷ್ಟೇ ಪೋಷಣೆ. ಮಳೆಗಾಲ ಪೂರ್ತಿ ಅದರ ಪಾಡಿಗೆ ಅದು. ಬಳ್ಳಿ ಒಣಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಅಗೆತ. ತಿನ್ನೋದಕ್ಕೆ ಬೇಕಾದಷ್ಟು ತೆಗೆದು, ಬೀಜದ ಗೆಡ್ಡೆ ಬೇರೆ ಇಟ್ಟು, ಉಳಿದದ್ದು ಮಾರಾಟಕ್ಕೆ. ಪ್ಯಾಕೆಟ್ ಬೀಜ ಇಲ್ಲ, ಅಂಗಡಿ ಸಾಲ ಇಲ್ಲ. ಬೀಜ ಅಜ್ಜಿ ಕಾಲದ್ದು, ನೆರೆಮನೆಯಿಂದ ಬಂದದ್ದು, ಇಲ್ಲವೇ ತವರಿಂದ ತಂದದ್ದು.

ಪ್ರತಿವರ್ಷ ಜನವರಿ ಹೊತ್ತಿಗೆ ಜೋಯಿಡಾದ ಕುಣಬಿ ಭವನದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳಕ್ಕೆ ಹೋದವರಿಗೆ ಈ ಬೀಜದ ಸಂಪತ್ತು ಒಂದೇ ಕಡೆ ಕಾಣುತ್ತದೆ. ಬುಟ್ಟಿ ಬುಟ್ಟಿ ಮುಡ್ಲಿ, ಬಣ್ಣ ಬಣ್ಣದ ಕೋನ. ಮೇಳದ ದಿನ ವ್ಯಾಪಾರ ಭರ್ಜರಿ. ಮೇಳ ಮುಗಿದ ಮರುದಿನ ಏನು ಅನ್ನೋದೇ ಪ್ರಶ್ನೆ.

ಒಂದು ಚೀಲ ಯೂರಿಯಾ, ನಾಲ್ಕು ಟನ್ ಸಗಣಿ ಗೊಬ್ಬರ

ಸಾವಯವ ಮಾಲು ಯಾಕೆ ತುಟ್ಟಿ ಅಂತ ಗಿರಾಕಿ ಕೇಳ್ತಾರೆ. ಒಂದು ಸಣ್ಣ ಲೆಕ್ಕ ನೋಡಿದರೆ ಉತ್ತರ ಸಿಗುತ್ತದೆ.

45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಶೇ 46. ಅಂದರೆ ಸುಮಾರು 20 ಕೆಜಿ. ಸಬ್ಸಿಡಿ ಇರುವುದರಿಂದ ಚೀಲದ ದರ 266 ರೂಪಾಯಿ 50 ಪೈಸೆ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಹೆಚ್ಚುಕಡಿಮೆ ಶೇ ಅರ್ಧ. ಅಷ್ಟೇ 20 ಕೆಜಿ ಸಾರಜನಕ ಗೊಬ್ಬರದಿಂದ ಬರಬೇಕಾದರೆ 4 ಟನ್ ಬೇಕು. ಅಂದಾಜು ಎರಡು ಟ್ರಾಲಿ. ಅದನ್ನು ತುಂಬಬೇಕು, ಸಾಗಿಸಬೇಕು, ಹರಡಬೇಕು. ಯೂರಿಯಾ ಚೀಲವನ್ನು ಒಬ್ಬರು ಬೈಕ್ ಮೇಲೆ ತರ್ತಾರೆ.

ಸಗಣಿ ಗೊಬ್ಬರದಲ್ಲಿ ಬರೀ ಸಾರಜನಕ ಅಲ್ಲ, ಬೇರೆ ಪೋಷಕಾಂಶಗಳೂ ಇರುತ್ತವೆ. ಮಣ್ಣು ಸಡಿಲ ಆಗ್ತದೆ, ನೀರು ಹಿಡಿದುಕೊಳ್ತದೆ. ಹಾಕಿದ ವರ್ಷವೇ ಪೂರ್ತಿ ಸಿಗೋದಿಲ್ಲ, ನಿಧಾನಕ್ಕೆ ಬಿಡ್ತದೆ. ಆದರೆ ಲೆಕ್ಕದ ಮುಖ್ಯ ಮಾತು ಬೇರೆ: ಸಾವಯವಕ್ಕೆ ದನ ಬೇಕು, ಆಳು ಬೇಕು. ಈ ಭಾಗದಲ್ಲಿ ಇವೆರಡೂ ಕಡಿಮೆ ಆಗ್ತಿವೆ. ಮೇವು ಕೊಯ್ಯಲು ಮನೆಯಲ್ಲಿ ಜನ ಇಲ್ಲ, ಹುಡುಗರು ಗೋವಾಕ್ಕೋ ಹುಬ್ಬಳ್ಳಿಗೋ ದುಡಿಯಲು ಹೋಗಿದ್ದಾರೆ. ಮಲೆನಾಡು ಗಿಡ್ಡ ದನ ಕಟ್ಟಿದ್ದ ಕೊಟ್ಟಿಗೆಯಲ್ಲಿ ಈಗ ಬೈಕ್ ನಿಂತಿರೋದು ಹೊಸ ನೋಟ ಅಲ್ಲ.

ಯೂರಿಯಾವನ್ನೇ ನಂಬಿದವರ ಪರಿಸ್ಥಿತಿಯೂ ನೆಮ್ಮದಿಯದ್ದಲ್ಲ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಒಂದು ಚೀಲಕ್ಕಾಗಿ ಸೊಸೈಟಿ ಮುಂದೆ ಸರದಿ ನಿಂತಿದ್ದನ್ನು ಎಲ್ಲರೂ ನೋಡಿದ್ದಾರೆ.

ಜೀವಾಮೃತ ಗೊಬ್ಬರ ಅಲ್ಲ, ಹೆಪ್ಪು

ಸಾವಯವ ತರಬೇತಿಗೆ ಹೋದವರೆಲ್ಲ ಜೀವಾಮೃತದ ಹೆಸರು ಕೇಳಿದ್ದಾರೆ. 200 ಲೀಟರ್ ಡ್ರಮ್‌ನಲ್ಲಿ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿದರೆ ಎರಡು ಮೂರು ದಿನದಲ್ಲಿ ತಯಾರು. ಒಂದು ಎಕರೆಗೆ ಇದು ಅಳತೆ.

ಆದರೆ ತುಂಬ ಜನ ಎಡವೋದು ಇಲ್ಲೇ. 10 ಕೆಜಿ ಸಗಣಿಯಲ್ಲಿ ಎಕರೆ ಬೆಳೆಗೆ ಸಾಕಾಗುವಷ್ಟು ಪೋಷಕಾಂಶ ಇರೋದಿಲ್ಲ. ಜೀವಾಮೃತ ಅಂದರೆ ಹಾಲಿಗೆ ಹಾಕುವ ಹೆಪ್ಪು ಇದ್ದಂಗೆ. ಮಣ್ಣಿನ ಜೀವಾಣುಗಳನ್ನು ಎಬ್ಬಿಸುತ್ತದೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರು ಆಗುತ್ತದೆಯೇ? ಹೊಲದಲ್ಲಿ ಸೊಪ್ಪು, ದರಕು, ಕಸಕಡ್ಡಿ, ಗೊಬ್ಬರ ಇದ್ದರೆ ಮಾತ್ರ ಅದಕ್ಕೆ ಕೆಲಸ. ಕಬ್ಬಿನ ರವದಿ ಸುಟ್ಟು, ಭತ್ತದ ಹುಲ್ಲು ಪೂರ್ತಿ ಮಾರಿ, ಬೋಳು ಹೊಲಕ್ಕೆ ಜೀವಾಮೃತ ಬಿಟ್ಟು ‘ಏನೂ ಆಗ್ಲಿಲ್ಲ’ ಅನ್ನುವವರು ಈ ಲೆಕ್ಕ ನೋಡಬೇಕು. ಜೋಯಿಡಾದ ಹಿತ್ತಲಿನಲ್ಲಿ ಡ್ರಮ್ ಇಲ್ಲದೆಯೂ ಗೆಡ್ಡೆ ಬರುತ್ತದೆ, ಯಾಕೆಂದರೆ ಅಲ್ಲಿ ದರಕಿಗೆ ಬರ ಇಲ್ಲ.

ಹಳಿಯಾಳ, ಮುಂಡಗೋಡದ ಲೆಕ್ಕ ಬೇರೆ

ಜೋಯಿಡಾದಲ್ಲಿ ಬಿಡಬೇಕಾದ ರಾಸಾಯನಿಕವೇ ಕಡಿಮೆ. ಹಳಿಯಾಳದಲ್ಲಿ ಹಾಗಲ್ಲ. ಇಲ್ಲಿ ಕಬ್ಬು, ಭತ್ತ, ಗೋವಿನಜೋಳ. ಕಬ್ಬು ಬೆಳೆದವರಿಗೆ ದರ, ಕಟಾವು ಮತ್ತು ಸಾಗಾಟದ ವೆಚ್ಚದ್ದೇ ಚಿಂತೆ. ಇದಕ್ಕಾಗಿ ಹಳಿಯಾಳದಲ್ಲಿ ರೈತರು ಪದೇ ಪದೇ ಧರಣಿ ಕುಳಿತಿದ್ದಾರೆ. ಕಾರ್ಖಾನೆ ಕಬ್ಬನ್ನು ತೂಕಕ್ಕೆ ಕೊಳ್ಳುತ್ತದೆ. ರಾಸಾಯನಿಕ ಹಾಕದೆ ಬೆಳೆದ ಕಬ್ಬಿಗೂ ಹಾಕಿ ಬೆಳೆದ ಕಬ್ಬಿಗೂ ಅಲ್ಲಿ ಒಂದೇ ದರ. ಸಾವಯವ ಕಬ್ಬಿಗೆ ಬೆಲೆ ಬರಬೇಕಾದರೆ ರೈತನೇ ಗಾಣ ಹಾಕಿ ಬೆಲ್ಲ ಮಾಡಬೇಕು. ಅದು ಬೇರೆಯೇ ದಂಧೆ.

ವರ್ಷಾನುಗಟ್ಟಲೆ ಯೂರಿಯಾ ಕಂಡ ಹೊಲದಲ್ಲಿ ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ವರ್ಷ ಇಳುವರಿ ಬೀಳೋದು ಸಾಮಾನ್ಯ. ಆ ಹೊತ್ತಿಗೆ ಸಾವಯವದ ದರವೂ ಸಿಗೋದಿಲ್ಲ, ಯಾಕೆಂದರೆ ಪ್ರಮಾಣಪತ್ರ ಬಂದಿರೋದಿಲ್ಲ. ನಷ್ಟ ಮೊದಲು, ಲಾಭ ಆಮೇಲೆ. ಸಾಲ ಇರುವ ರೈತನಿಗೆ ಈ ಮೂರು ವರ್ಷ ದಾಟೋದೇ ಕಷ್ಟ. ನೆರೆಯ ಶ್ರೀಲಂಕಾ 2021ರಲ್ಲಿ ಇಡೀ ದೇಶಕ್ಕೆ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಆದೇಶ ಸಡಿಲಿಸಬೇಕಾಯಿತು, ಆದರೂ ಭತ್ತದ ಇಳುವರಿ ಕುಸಿಯಿತು. ಸಿಕ್ಕಿಂ ಬೇರೆ ದಾರಿ ಹಿಡಿಯಿತು. 2003ರಲ್ಲಿ ತೀರ್ಮಾನ ಮಾಡಿ, ಹಂತ ಹಂತವಾಗಿ ಇಳಿಸಿ, 2016ರಲ್ಲಿ ಪೂರ್ಣ ಸಾವಯವ ರಾಜ್ಯ ಎಂದು ಘೋಷಿಸಿಕೊಂಡಿತು. ಹಳಿಯಾಳದ ರೈತ ಮೊದಲ ವರ್ಷ ಅರ್ಧ ಎಕರೆಯಿಂದ ಶುರು ಮಾಡೋದು ಹೆದರಿಕೆ ಅಲ್ಲ, ಬುದ್ಧಿವಂತಿಕೆ.

ಮುಂಡಗೋಡದಲ್ಲಿ ಮಳೆಯಾಶ್ರಿತ ಭತ್ತ, ಗೋವಿನಜೋಳ ಹೆಚ್ಚು. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಸೈನಿಕ ಹುಳು ಗೋವಿನಜೋಳದ ಸುಳಿ ತಿಂದು, ಔಷಧದ ಖರ್ಚು ಏರಿಸಿದೆ. 1966ರಲ್ಲಿ ಶುರುವಾದ ಇಲ್ಲಿನ ಟಿಬೆಟನ್ ಕಾಲೊನಿಯ ಜಮೀನುಗಳಲ್ಲೂ ಇವೇ ಬೆಳೆ. ಟಿಬೆಟನ್ ಆಡಳಿತ ತನ್ನ ವಸಾಹತುಗಳಲ್ಲಿ ಸಾವಯವ ಬೇಸಾಯಕ್ಕೆ ಉತ್ತೇಜನ ಕೊಡುತ್ತ ಬಂದಿದೆ. ಅಲ್ಲಿಯೂ ತೊಡಕು ಇದೇ: ದುಡಿಯುವ ವಯಸ್ಸಿನವರು ಹೊರಗೆ, ಹೊಲ ನೋಡುವವರು ಹಿರಿಯರು.

ಇನ್ನೊಂದು ಸಮಸ್ಯೆ ಗದ್ದೆ ಬದುವಿನದು. ಮೇಲಿನ ಗದ್ದೆಯವರು ಯೂರಿಯಾ ಎರಚಿದರೆ ನೀರಿನ ಜೊತೆ ಅದು ಕೆಳಗಿನ ಗದ್ದೆಗೂ ಬರುತ್ತದೆ. ಪಕ್ಕದವರು ಔಷಧ ಹೊಡೆದರೆ ಗಾಳಿಗೆ ಹಾರುತ್ತದೆ. ಅದಕ್ಕೇ ಸಾವಯವ ನಿಯಮದಲ್ಲಿ ನೆರೆ ಹೊಲದ ಕಡೆ ತಡೆಪಟ್ಟಿ ಬಿಡಬೇಕು ಅಂತಿದೆ. ಒಬ್ಬನೇ ರೈತ ಸಾವಯವ ಆಗೋದಕ್ಕಿಂತ ಅಕ್ಕಪಕ್ಕದ ಐದಾರು ಜನ ಸೇರಿ ಆಗೋದು ಸುಲಭ.

ಪ್ರಮಾಣಪತ್ರ ಎರಡು ಬಗೆ

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ಪ್ರಮಾಣೀಕರಣಕ್ಕೆ ದೇಶದಲ್ಲಿ ಎರಡು ದಾರಿಗಳಿವೆ.

ಒಂದು, ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ. ಇದರಲ್ಲಿ ಹೊರಗಿನ ಸಂಸ್ಥೆಯವರು ಬಂದು ಹೊಲ, ದಾಖಲೆ ತಪಾಸಣೆ ಮಾಡ್ತಾರೆ. ರಾಜ್ಯದಲ್ಲಿ ಈ ಕೆಲಸಕ್ಕೆ ಸರಕಾರದ್ದೇ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಇದೆ. ಹೊರದೇಶಕ್ಕೆ ಕಳಿಸುವವರಿಗೆ ಇದು ಬೇಕೇ ಬೇಕು. ಭತ್ತ, ಗೋವಿನಜೋಳದಂಥ ಬೆಳೆಗೆ ಬಿತ್ತನೆಗೆ ಮುಂಚಿನ 24 ತಿಂಗಳು, ಅಡಿಕೆ, ಗೇರಿನಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚಿನ 36 ತಿಂಗಳು ಪರಿವರ್ತನೆ ಅವಧಿ.

ಎರಡನೆಯದು ಪಿಜಿಎಸ್. ಅಂದರೆ ರೈತರೇ ಸೇರಿ ಕೊಡುವ ಖಾತರಿ. ಕನಿಷ್ಠ ಐದು ರೈತರ ಗುಂಪು ಬೇಕು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ನೋಡಿ, ಬರೆದು, ಒಪ್ಪಬೇಕು. ಗುಂಪಿನಲ್ಲಿ ಒಬ್ಬ ಕದ್ದು ಯೂರಿಯಾ ಹಾಕಿದರೆ ಎಲ್ಲರ ಹೆಸರೂ ಹೋಗುತ್ತದೆ. ಹಳ್ಳಿಯಲ್ಲಿ ಯಾರ ಹೊಲಕ್ಕೆ ಏನು ಬಿತ್ತು ಅನ್ನೋದು ಮುಚ್ಚಿಡಲು ಆಗೋದಿಲ್ಲ ಅನ್ನುವ ನಂಬಿಕೆಯ ಮೇಲೆ ಇದು ನಿಂತಿದೆ. ಖರ್ಚು ಕಡಿಮೆ. ದೇಶದೊಳಗಿನ ಮಾರಾಟಕ್ಕೆ ಮಾತ್ರ ನಡೆಯುತ್ತದೆ. ಪರಿವರ್ತನೆಯಲ್ಲಿ ಇರುವವರಿಗೆ ‘ಪಿಜಿಎಸ್ ಗ್ರೀನ್’, ಅವಧಿ ಮುಗಿಸಿದವರಿಗೆ ‘ಪಿಜಿಎಸ್ ಆರ್ಗ್ಯಾನಿಕ್’ ಗುರುತು. ನಮ್ಮ ಕಡೆಯ ಸಣ್ಣ ಹಿಡುವಳಿದಾರರಿಗೆ ಹೊಂದೋದು ಇದೇ.

ಜೋಯಿಡಾಕ್ಕೆ ಹತ್ತಿರದ ದಾರಿ ಒಂದಿದೆ

ಮೊದಲಿಂದಲೂ ರಾಸಾಯನಿಕ ಕಾಣದ ಊರಿನವರೂ ಎರಡು ಮೂರು ವರ್ಷ ಕಾಯಬೇಕೇ? ಇದಕ್ಕೆ ಕೇಂದ್ರ ಸರಕಾರ ಪಿಜಿಎಸ್ ಅಡಿಯಲ್ಲೇ ದೊಡ್ಡ ಪ್ರದೇಶದ ಪ್ರಮಾಣೀಕರಣ ಎಂಬ ವ್ಯವಸ್ಥೆ ಮಾಡಿದೆ. ಸಾಂಪ್ರದಾಯಿಕವಾಗಿ ರಾಸಾಯನಿಕ ಬಳಸದ ಪ್ರದೇಶವನ್ನು ಊರಿಗೆ ಊರೇ ಪರಿಶೀಲಿಸಿ, ಮಾಮೂಲಿ ಪರಿವರ್ತನೆ ಅವಧಿ ಕಾಯಿಸದೆ ಪ್ರಮಾಣಪತ್ರ ಕೊಡುವುದು ಇದರ ಉದ್ದೇಶ. 2021ರಲ್ಲಿ ಅಂಡಮಾನ್ ನಿಕೋಬಾರ್‌ನ ಕಾರ್ ನಿಕೋಬಾರ್ ಮತ್ತು ನಾನ್‌ಕೌರಿ ದ್ವೀಪಗಳ 14,491 ಹೆಕ್ಟೇರ್ ಪ್ರದೇಶ ದೇಶದಲ್ಲೇ ಮೊದಲು ಹೀಗೆ ಪ್ರಮಾಣಪತ್ರ ಪಡೆಯಿತು. ಕಾಡಿನ ನಡುವೆ ಚದುರಿರುವ ಜೋಯಿಡಾದ ಹಳ್ಳಿಗಳ ಬೇಸಾಯಕ್ಕೆ ಈ ವ್ಯವಸ್ಥೆ ಹೊಂದುವಂಥದ್ದು. ಆದರೆ ಇದು ಒಬ್ಬ ರೈತ ಅರ್ಜಿ ಹಾಕಿ ಪಡೆಯೋದಲ್ಲ. ಆಡಳಿತ, ಕೃಷಿ ಇಲಾಖೆ, ಪಂಚಾಯಿತಿ ಸೇರಿ ಹಿಡಿಯಬೇಕಾದ ಕೆಲಸ.

ತೊಡಕು ಜಮೀನಿನ ದಾಖಲೆಯದ್ದು. ಯಾವ ನೋಂದಣಿಗಾದರೂ ಜಮೀನಿನ ವಿವರ ಬರೆಯಬೇಕು, ಸಾಲ ಸಬ್ಸಿಡಿಗೆ ಪಹಣಿ ಬೇಕು. ಜೋಯಿಡಾದಲ್ಲಿ ತಲೆತಲಾಂತರದಿಂದ ಉಳುಮೆ ಮಾಡಿದ ಎಷ್ಟೋ ಜಮೀನು ಕಾಗದದಲ್ಲಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 75 ವರ್ಷಗಳ ವಾಸದ ಪುರಾವೆ ಕೊಡಬೇಕು. ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಆ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಗಡಿಯ ಆಚೆ ಈಚೆ ನೆಂಟರೇ ಇದ್ದರೂ ಕಾಗದ ಬೇರೆ.

ಕಾಡುಪ್ರಾಣಿ ಕಾಟ ಬೇರೆ. ಕಾಡುಹಂದಿ, ಮುಳ್ಳುಹಂದಿಗೆ ಗೆಡ್ಡೆ ಅಂದರೆ ಹಬ್ಬ. ಮಂಗಕ್ಕೆ ಬಾಳೆ. ದಾಂಡೇಲಿ ಕಾಡಿನಿಂದ ಇಳಿಯುವ ಆನೆ ಹಳಿಯಾಳ, ಮುಂಡಗೋಡದ ಭತ್ತ, ಕಬ್ಬಿನವರೆಗೂ ಬರುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಿಗಳಲ್ಲಿ ಸ್ವಯಂಪ್ರೇರಿತ ಸ್ಥಳಾಂತರದ ಪ್ಯಾಕೇಜ್ ಪಡೆದು ಹೊರಟ ಕುಟುಂಬಗಳೂ ಇವೆ. ಆಸ್ಪತ್ರೆ, ಶಾಲೆ, ರಸ್ತೆ ಇಲ್ಲದ ಕಡೆಯಿಂದ ಜನ ಹೊರಗೆ ಬರೋದನ್ನು ತಪ್ಪು ಅನ್ನಲಾಗದು. ಆದರೆ ಮನೆ ಖಾಲಿಯಾದ ದಿನ ಆ ಹಿತ್ತಲಿನ ಬೀಜದ ಗೆಡ್ಡೆಯೂ ಹೋಗುತ್ತದೆ. ಮುಡ್ಲಿ, ಕೋನದ ತಳಿ ಉಳಿಯೋದು ವರ್ಷ ವರ್ಷ ಮಣ್ಣಿಗೆ ಹಾಕಿದರೆ ಮಾತ್ರ. ಗೆಡ್ಡೆಗೆ ದರ ಸಿಕ್ಕರೆ ಅದನ್ನು ನೆಡುವವರು ಒಂದಷ್ಟು ಜನವಾದರೂ ಉಳಿದಾರು.

ಅಂಗಡಿಯವರು ತಿಳಿಯಬೇಕಾದ್ದು

ಸಾವಯವ ಆಹಾರದ ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳಿವೆ. ಅದರ ಸಾರ ಇಷ್ಟು:

1. ಅಂಗಡಿಯಲ್ಲಿ ‘ಸಾವಯವ’, ‘ಆರ್ಗ್ಯಾನಿಕ್’ ಎಂದು ಹೇಳಿ ಮಾರಬೇಕಾದರೆ ಆ ಮಾಲಿಗೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇರಬೇಕು.

2. ಸಣ್ಣ ರೈತ ಅಥವಾ ರೈತರ ಗುಂಪು ನೇರವಾಗಿ ಗಿರಾಕಿಗೆ ಮಾರಿದರೆ, ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಒಳಗಿದ್ದರೆ, ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ‘ಜೈವಿಕ್ ಭಾರತ್’ ಚಿಹ್ನೆ ಹಾಕುವಂತಿಲ್ಲ.

3. ಸಾವಯವ ಮಾಲು ಮತ್ತು ಮಾಮೂಲಿ ಮಾಲನ್ನು ಗಿರಾಕಿಗೆ ಗೊತ್ತಾಗುವ ಹಾಗೆ ಬೇರೆ ಬೇರೆ ಇಡಬೇಕು.

ಅಂದರೆ ಸಂತೆಯಲ್ಲಿ ಕುಳಿತ ಅಜ್ಜಿ ತನ್ನ ಹಿತ್ತಲಿನ ಗೆಡ್ಡೆಯನ್ನು ಔಷಧ ಹಾಕದ್ದು ಅಂತ ಹೇಳಿ ಮಾರೋದಕ್ಕೆ ತೊಂದರೆ ಇಲ್ಲ. ಅದೇ ಗೆಡ್ಡೆಯನ್ನು ಅಂಗಡಿಯವರು ಕೊಂಡು, ಪ್ಯಾಕೆಟ್ ಮಾಡಿ ‘ಆರ್ಗ್ಯಾನಿಕ್’ ಎಂದು ಚೀಟಿ ಅಂಟಿಸಿದರೆ ಪ್ರಮಾಣಪತ್ರ ಕೇಳುವ ಅಧಿಕಾರ ಇಲಾಖೆಗೆ ಇದೆ. ಪ್ರಮಾಣಪತ್ರ ಇಲ್ಲದಿದ್ದರೆ ‘ಜೋಯಿಡಾ ಮುಡ್ಲಿ’ ಎಂದು ಊರಿನ ಹೆಸರು ಬರೆಯಿರಿ. ಅದು ನಿಜವಾಗಿದ್ದರೆ ಸಾಕು, ಗಿರಾಕಿಗೂ ಗುರುತು ಸಿಗುತ್ತದೆ. ಊರಿನ ಹೆಸರಿಗೂ ಬೆಲೆ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಅಡಿಕೆ ನಮ್ಮ ಜಿಲ್ಲೆಯದ್ದೇ. ಆದರೆ ಎರಡೂ ಒಂದೇ ಅಲ್ಲ. ಭೌಗೋಳಿಕ ಗುರುತು ಎಲ್ಲಿಯದು ಅಂತ ಹೇಳುತ್ತದೆ, ಸಾವಯವ ಗುರುತು ಹೇಗೆ ಬೆಳೆದದ್ದು ಅಂತ.

ದಾಂಡೇಲಿ, ಜೋಯಿಡಾ ಸುತ್ತ ಹೋಮ್‌ಸ್ಟೇ, ರೆಸಾರ್ಟ್‌ಗಳಿಗೆ ಕೊರತೆ ಇಲ್ಲ. ಅವರಿಗೆ ಬೇಕಾದ ತರಕಾರಿಯಲ್ಲಿ ಬಹುಪಾಲು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗಾಡಿಯಲ್ಲಿ ಬರುತ್ತದೆ. ಕಾರಣ ಸರಳ: ಅಲ್ಲಿ ಒಂದು ಫೋನಿಗೆ ಬೇಕಾದಷ್ಟು ಸಿಗುತ್ತದೆ. ಜೋಯಿಡಾದ ಒಂದೊಂದು ಮನೆಯಲ್ಲಿ ಹತ್ತಿಪ್ಪತ್ತು ಕೆಜಿ, ಮನೆ ಮನೆಗೆ ದೂರ, ಬಸ್ಸು ಅಪರೂಪ. ಐದು ಮನೆಯವರು ಸೇರಿ ವಾರಕ್ಕೊಂದು ದಿನ ಒಂದೇ ಕಡೆ ತಂದಿಟ್ಟರೆ, ದಾಂಡೇಲಿಯ ಒಬ್ಬ ಅಂಗಡಿಯವರು ಆ ದಿನ ತಪ್ಪದೆ ಕೊಂಡರೆ, ಅರ್ಧ ಸಮಸ್ಯೆ ತೀರುತ್ತದೆ. ಪಿಜಿಎಸ್‌ಗೆ ಬೇಕಾದ ಗುಂಪೂ ಐದೇ ಜನರದ್ದು. ಎರಡು ಕೆಲಸವನ್ನೂ ಅದೇ ಗುಂಪು ಮಾಡಬಹುದು.

ತೋಟ ನೋಡಲು ಹೋದಾಗ ಕೇಳಿ

ಕೊಳ್ಳುವ ಮುಂಚೆ ಒಮ್ಮೆ ತೋಟಕ್ಕೆ ಹೋಗಿ ಬರೋದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಗೊಬ್ಬರ ಎಲ್ಲಿಂದ ಬರುತ್ತದೆ ಅಂತ ಕೇಳಿ, ಗೊಬ್ಬರ ಗುಂಡಿ ತೋರಿಸಲು ಹೇಳಿ. ದನ ಎಷ್ಟು? ಬೀಜ ಯಾರದ್ದು? ಮೇಲಿನ ಹೊಲದವರು ಏನು ಹಾಕ್ತಾರೆ? ಕಳೆ ಹೇಗೆ ತೆಗೀತಾರೆ? ಕಳೆನಾಶಕ ಹೊಡೆದ ಬದುವಿನಲ್ಲಿ ಹುಲ್ಲು ಒಂದೇ ಸಮ ಹಳದಿ ತಿರುಗಿ ಸುಟ್ಟಂಗೆ ಕಾಣುತ್ತದೆ. ಪ್ರಮಾಣಪತ್ರ ಇದ್ದರೆ ಅದರ ನಂಬರ್, ಅವಧಿ ಮತ್ತು ಯಾವ ಬೆಳೆಗೆ ಅನ್ನೋದನ್ನು ನೋಡಿ. ಭತ್ತದ ಪ್ರಮಾಣಪತ್ರ ತೋರಿಸಿ ಬೇರೆ ಮಾಲು ಮಾರಿದರೆ ಅದಕ್ಕೆ ಬೆಲೆ ಇಲ್ಲ.

ಗುಂಪು ಮಾಡಬೇಕೆನ್ನುವ ರೈತರು ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿ ಸಂಸ್ಥೆ ಇದೆ. ಹಳಿಯಾಳದವರಿಗೆ ಧಾರವಾಡ ದೂರವೇನಲ್ಲ.

ಗೆಡ್ಡೆ ನಾಟಿ ಮಳೆಗಿಂತ ಮುಂಚೆ ಆಗಬೇಕು. ಗುಂಪು ಕಟ್ಟುವ, ಕೊಳ್ಳುವ ಮಾತು ಅದಕ್ಕಿಂತ ಮುಂಚೆ ಆದರೆ ಒಳ್ಳೆಯದು. ಜನವರಿಯಲ್ಲಿ ಮೇಳಕ್ಕೆ ಹೋಗುವ ವ್ಯಾಪಾರಸ್ಥರು ಈ ಸಲ ಒಂದು ಬುಟ್ಟಿ ಗೆಡ್ಡೆ ಕೊಳ್ಳುವ ಜೊತೆಗೆ, ‘ಫೆಬ್ರವರಿಯಲ್ಲೂ ಬೇಕು, ವಾರಕ್ಕೆ ಇಷ್ಟು ಕೆಜಿ’ ಅಂತ ಒಂದು ಮಾತು ಹೇಳಿ ಬಂದರೆ ಸಾಕು. ಮುಂದಿನ ವರ್ಷ ಎಷ್ಟು ದಿಬ್ಬ ಏರಿಸಬೇಕು ಅನ್ನೋದನ್ನು ಆ ಮನೆಯವರು ಆಗ ಲೆಕ್ಕ ಹಾಕ್ತಾರೆ.